ಸಿಲೋನಿಗೆ ಉಳ್ಳಾಲದ ದಾರಿ

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಉತ್ತರಕ್ರಿಯೆಯ ದಿನ ಊಟಕ್ಕೆ ಮೊದಲು ಒಂದು ನುಡಿನಮನ ಉಂಟು. ಫೋಟೊಕ್ಕೆ ಮಲ್ಲಿಗೆ ಹಾಕಿ, ದೀಪ ಇಟ್ಟು, ಪರಿಚಯದ ಒಬ್ಬರನ್ನು ಎಬ್ಬಿಸಿ ಕೈಗೆ ಮೈಕ್ ಕೊಡುತ್ತಾರೆ. ಎದ್ದವರು ಅಜಾತಶತ್ರು, ಕೊಡುಗೈ ದಾನಿ, ಸರಳ ಸಜ್ಜನ ಎಂದು ಹೇಳಿ ಕೂರುತ್ತಾರೆ. ಆಚೆ ಬಡಿಸುವವರು ಸೌಟು ಹಿಡಿದು ಕಾಯುತ್ತಿರುತ್ತಾರೆ, ಹಾಗಾಗಿ ಯಾರೂ ಉದ್ದ ಎಳೆಯುವುದಿಲ್ಲ. ಕಳೆದ ತಿಂಗಳು ಆ ಮೈಕ್ ನನ್ನ ಕೈಗೆ ಬಂತು, ನನಗೆ ಬಾಯೇ ಹೊರಡಲಿಲ್ಲ. ಅಜಾತಶತ್ರು ಎಂದರೆ ಶುದ್ಧ ಸುಳ್ಳು. ನಮ್ಮ ಆಫೀಸಿನ ಧಣಿಗಳು ಎದುರಿನ ಸಾಲಿನಲ್ಲೇ ಕೂತಿದ್ದರು, ಅವರಿಗೂ ಫೋಟೊದಲ್ಲಿದ್ದವರಿಗೂ ಜಗಳವಾಗದ ವಾರ ಇರಲಿಲ್ಲ. ಸರಳ ಎನ್ನುವ ಹಾಗೂ ಇಲ್ಲ, ಅಷ್ಟು ಹಠದ ಜನವನ್ನು ನಾನು ಬೇರೆ ಕಂಡಿಲ್ಲ. ಕೊನೆಗೆ "ತುಂಬಾ ನಿಧಾನದ ಮನುಷ್ಯ" ಎಂದಷ್ಟೇ ಹೇಳಿ ಕೂತುಬಿಟ್ಟೆ. ಹಿಂದೆ ಯಾರೋ ಕಿಸಕ್ಕೆಂದರು. ತೀರಿಕೊಂಡವರ ಹೆಂಡತಿ ಮಾತ್ರ ಹೌದು ಎಂದು ತಲೆಯಾಡಿಸಿದರು.

ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿದಿದೆ, ಅದಕ್ಕೆ ಈ ಬರಹ. ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಅವರು ಮೇಲಿನಿಂದಲೇ ಫೋನ್ ಮಾಡಿ "ಎಂತಕ್ಕೆ ಮಾರಾಯ್ತಿ ಇದೆಲ್ಲ" ಎಂದಾರು. ನಾನು ಅವರನ್ನು ಅಣ್ಣ ಎಂದೇ ಕರೆದದ್ದು, ಇಲ್ಲಿಯೂ ಅಣ್ಣ ಎಂದೇ ಇರಲಿ. ಅವರ ಹೆಂಡತಿ ನನಗೆ ಅತ್ತಿಗೆ.

ಮಂಗಳೂರಿನ ಕೊಟ್ಟಾರದಲ್ಲಿ, ಹೈವೇಗೆ ಮುಖ ಮಾಡಿದ ಒಂದು ಕಟ್ಟಡದ ಮಾಳಿಗೆಯಲ್ಲಿ ನಮ್ಮದೊಂದು ಸಣ್ಣ ಟ್ರಾವೆಲ್ಸ್ ಆಫೀಸು. ನಾನು ಟಿಕೆಟ್ ಮಾಡುವವಳು. ಅಣ್ಣ ಟೂರ್ ಪ್ಲಾನ್ ಮಾಡುವವರು. ಗಲ್ಫಿನಲ್ಲಿ ಬಹಳ ವರ್ಷ ಒಂದು ಕಂಪೆನಿಯ ಗಾಡಿಗಳನ್ನೆಲ್ಲ ನೋಡಿಕೊಂಡಿದ್ದು, ಊರಿಗೆ ಬಂದು ಇಲ್ಲಿ ಸೇರಿದ್ದರು. ಉದ್ದ ಕಾಲು, ಬೋಳು ಮಂಡೆ, ಸದಾ ಇಸ್ತ್ರಿಯಾದ ಅರ್ಧ ತೋಳಿನ ಶರ್ಟು. ಅವರ ಪರಿಣತಿ ಒಂದೇ, ಶ್ರೀಲಂಕಾವನ್ನು ಕಾರಿನಲ್ಲಿ ನಿಧಾನಕ್ಕೆ ಸುತ್ತಿಸುವುದು. ಬಾಯಲ್ಲಿ ಮಾತ್ರ ಶ್ರೀಲಂಕಾ ಎಂದು ಬರುತ್ತಿರಲಿಲ್ಲ, ಹಳಬರ ಹಾಗೆ ಸಿಲೋನ್ ಎಂದೇ. ಸಿಲೋನ್ ಯಾಕೆ ಎಂದರೆ ಕುಚ್ಚಲಕ್ಕಿ ಅನ್ನ ಸಿಗುತ್ತದೆ, ಮೀನಿಗೆ ತೆಂಗಿನಕಾಯಿ ಅರೆಯುತ್ತಾರೆ, ಗಾಡಿ ನಮ್ಮ ಹಾಗೆ ಎಡಗಡೆಯಲ್ಲಿ ಹೋಗುತ್ತದೆ, ಇನ್ನೆಂತ ಬೇಕು ಎನ್ನುವರು. ಅದು ಗಿರಾಕಿಗಳಿಗೆ ಹೇಳುವ ಕಾರಣ. ಕಾರಿನಲ್ಲೇ, ಅದೂ ಅಷ್ಟು ನಿಧಾನಕ್ಕೆ ಯಾಕೆ ಎಂಬುದರ ನಿಜವಾದ ಕಾರಣ ಬೇರೆ ಇತ್ತು, ಅದಕ್ಕೆ ಆಮೇಲೆ ಬರ್ತೇನೆ.

ಬೇರೆ ಆಫೀಸುಗಳಲ್ಲಿ ಗಿರಾಕಿ ಬಂದ ಕೂಡಲೇ ಕಂಪ್ಯೂಟರ್ ತಿರುಗಿಸಿ ಜಲಪಾತ, ಚಹಾ ತೋಟ, ಆನೆಮರಿ ತೋರಿಸುತ್ತಾರೆ. ಅಣ್ಣ ಕಾರಿನ ಕೀ ತೆಗೆಯುತ್ತಿದ್ದರು. "ಬನ್ನಿ, ಉಳ್ಳಾಲಕ್ಕೆ ಹೋಗಿ ಬರುವ." ಬಂದವರಿಗೆ ಗಲಿಬಿಲಿ. ಸಿಲೋನಿಗೆ ಹೊರಟವರನ್ನು ಈ ಜನ ಉಳ್ಳಾಲಕ್ಕೆ ಯಾಕೆ ಕರೆದುಕೊಂಡು ಹೋಗುವುದು? ಸಿಲೋನಿಗೆ ದಾರಿ ಉಳ್ಳಾಲದಿಂದಲೇ ಎಂದು ಹೇಳಿ ಮೆಟ್ಟಿಲು ಇಳಿದುಬಿಡುತ್ತಿದ್ದರು. ಮನೆಯವರು ಎಷ್ಟು ಜನ ಹೋಗುವುದೋ ಅಷ್ಟೂ ಜನ ಬರಬೇಕು. ಒಬ್ಬರು ತಪ್ಪಿದರೂ ಆ ದಿನ ಕಾರು ಹೊರಡುವುದಿಲ್ಲ.

ಕೊಟ್ಟಾರದಿಂದ ನಂತೂರು, ಪಂಪ್‌ವೆಲ್, ನೇತ್ರಾವತಿ ಹೊಳೆ ದಾಟುವ ಸಂಕ, ತೊಕ್ಕೊಟ್ಟು, ಅಲ್ಲಿಂದ ಬಲಕ್ಕೆ ತಿರುಗಿ ಉಳ್ಳಾಲದ ಸಮುದ್ರ. ಲಾರಿಗಳು ಹಾರನ್ ಹೊಡೆದು ಬಯ್ದುಕೊಂಡು ಹೋದರೂ ಇವರು ಎಡಬದಿ ಬಿಡುತ್ತಿರಲಿಲ್ಲ. ಸಮುದ್ರದ ಬದಿಯಲ್ಲಿ ಎಲ್ಲರಿಗೂ ಚಾ ಕುಡಿಸಿ, ಹೋದಷ್ಟೇ ನಿಧಾನಕ್ಕೆ ವಾಪಸು. ಅಷ್ಟರಲ್ಲಿ ಅವರಿಗೆ ಆ ಸಂಸಾರದ ಜಾತಕವೇ ಗೊತ್ತಾಗುತ್ತಿತ್ತು. ಯಾರಿಗೆ ತಿರುವಿನಲ್ಲಿ ಹೊಟ್ಟೆ ತೊಳೆಸುತ್ತದೆ, ಯಾರಿಗೆ ಶೌಚಕ್ಕೆ ಹೋಗಬೇಕಾದರೂ ನಾಚಿಕೆಯಿಂದ ಕಟ್ಟಿ ಕೂರುವ ಅಭ್ಯಾಸ, ಯಾರು ಫೋನಿನಿಂದ ಮಂಡೆ ಎತ್ತುವುದಿಲ್ಲ, ಯಾವ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ. ಇಷ್ಟು ತಿಳಿದ ಮೇಲೆಯೇ ಕ್ಯಾಂಡಿಯಲ್ಲಿ ಎಲ್ಲಿ ನಿಲ್ಲುವುದು, ಎಲ್ಲಿ ಉಳಿಯುವುದು ಎಂಬ ಮಾತು. ಗಾಡಿಗೆ ಟೆಸ್ಟ್ ಡ್ರೈವ್ ಮಾಡುತ್ತಾರಲ್ಲ, ಅಣ್ಣ ಜನರಿಗೆ ಮಾಡುತ್ತಿದ್ದರು.

ಧಣಿಗಳಿಗೆ ಇದು ದೊಡ್ಡ ಉಪದ್ರ. ಪೆಟ್ರೋಲ್ ಆಫೀಸಿನದ್ದು, ಹೊತ್ತು ಆಫೀಸಿನದ್ದು, ಎಷ್ಟೋ ಸಲ ಉಳ್ಳಾಲದಿಂದ ಬಂದ ಗಿರಾಕಿ ಕೈ ಮುಗಿದು ಹೋಗುವುದೂ ಇತ್ತು. ಹೋದರೆ ಹೋಗಲಿ, ಉಳ್ಳಾಲ ತಡೆಯದವರು ಸಿಲೋನ್ ಎಂತ ತಡೆಯುತ್ತಾರೆ ಎಂದು ಅಣ್ಣ ತಿರುಗಿ ಕೇಳುತ್ತಿದ್ದರು. ನಾನು ಟಿಕೆಟ್ ನೋಡುವ ನೆಪದಲ್ಲಿ ಸ್ಕ್ರೀನಿನ ಹಿಂದೆ ಮುಖ ಅಡಗಿಸುತ್ತಿದ್ದೆ, ಇಬ್ಬರಲ್ಲಿ ಯಾರ ಕಡೆ ನಕ್ಕರೂ ಕಷ್ಟ.

ಪಂಪ್‌ವೆಲ್ ಹತ್ತಿರ ಹೋಟೆಲ್ ಇಟ್ಟಿರುವ ಒಬ್ಬ ಶೆಟ್ಟರು ಸಂಸಾರ ಸಮೇತ ಬಂದದ್ದು ನನಗೆ ಚೆನ್ನಾಗಿ ನೆನಪುಂಟು. ಒಂದೇ ವಾರದೊಳಗೆ ಇಡೀ ದ್ವೀಪ ಮುಗಿಸಿಕೊಡಬೇಕು ಎಂದರು. ಮುಗಿಸುವುದಕ್ಕೆ ಅದೇನು ಒಂದು ಪ್ಲೇಟ್ ಗೋಳಿಬಜೆಯಾ ಎಂದು ಅಣ್ಣ ಕೇಳಿದಾಗ ಶೆಟ್ಟರ ಮುಖ ಬಿಗಿಯಿತು. ಕಾರಿನ ಹತ್ತಿರ ಇನ್ನೊಂದು ತಮಾಷೆ. ಶೆಟ್ಟರು ಅಭ್ಯಾಸದಂತೆ ಮುಂದಿನ ಬಾಗಿಲಿಗೆ ಕೈ ಹಾಕಿದರೆ ಇವರು ಅವರ ವಯಸ್ಸಾದ ತಾಯಿಯ ಕೈ ಹಿಡಿದು ಮುಂದೆ ಕೂರಿಸಿಯಾಗಿತ್ತು. ಮುಂದಿನ ಸೀಟು ಯಾರಿಗೆ ಹೆಚ್ಚು ಕಷ್ಟವೋ ಅವರಿಗೆ, ಅದು ಅಣ್ಣನ ಕಾನೂನು. ಹೋಟೆಲಿನಲ್ಲಿ ಕ್ಯಾಶಿನಲ್ಲಿ ಕೂತು ಅಪ್ಪಣೆ ಕೊಡುವ ಜನ ಹಿಂದಿನ ಸೀಟಿನಲ್ಲಿ ಮಕ್ಕಳ ನಡುವೆ ಒತ್ತಿಕೊಂಡು ಉಳ್ಳಾಲಕ್ಕೆ ಹೋಗಿ ಬಂದರು. ಇನ್ನು ಇವರು ಈ ಕಡೆ ಮುಖ ಹಾಕುವುದಿಲ್ಲ ಎಂದೇ ನಾನು ತಿಳಿದದ್ದು. ಮರುದಿನ ಒಬ್ಬರೇ ಮೆಟ್ಟಿಲು ಹತ್ತಿ ಬಂದರು. ಅಮ್ಮ ಸಂಕದ ಮೇಲೆ ಹೋಗುವಾಗ ತನ್ನ ಚಿಕ್ಕಂದಿನ ದೋಣಿಯ ಕತೆ ಹೇಳಿದರಂತೆ, ಇಷ್ಟು ವರ್ಷ ಒಟ್ಟಿಗೆ ಇದ್ದೂ ಇವರು ಅದನ್ನು ಕೇಳಿರಲಿಲ್ಲವಂತೆ. ಎಷ್ಟು ದಿನ ಬೇಕೋ ಅಷ್ಟು ಹಾಕಿ, ಅಮ್ಮ ಮುಂದೆಯೇ ಇರಲಿ ಎಂದು ಹೇಳಿ ಹೋದರು.

ಅಣ್ಣನ ಪ್ಲಾನಿನಲ್ಲಿ ಖಂಡಿತ ಇರುತ್ತಿದ್ದ ಒಂದು ದಿನವೆಂದರೆ 'ಸುಮ್ಮನೆ ದಿನ'. ಆ ದಿನ ಎಲ್ಲಿಗೂ ಹೋಗಲಿಕ್ಕಿಲ್ಲ, ಏನೂ ನೋಡಲಿಕ್ಕಿಲ್ಲ. ಗಿರಾಕಿಗಳು ಇದನ್ನು ಕಂಡು ಉರಿದುಬೀಳುತ್ತಿದ್ದರು. ಅಣ್ಣ ಆಗ ಕೈಯ ಚಾ ಕೆಳಗಿಟ್ಟು ಒಂದು ಮಾತು ಹೇಳುವರು, ನಾನು ಅದನ್ನು ಎಷ್ಟು ಸಲ ಕೇಳಿದ್ದೇನೆ ಎಂದರೆ ನಿದ್ದೆಯಲ್ಲೂ ಹೇಳಿಯೇನು. "ದ್ವೀಪ ಅಂದ್ರೆ ಎಂತ ಹೇಳಿ? ಯಾವ ಕಡೆ ಓಡಿದರೂ ಸಮುದ್ರ. ಮತ್ತೆ ಓಡುವುದು ಎಂತಕ್ಕೆ ಮಾರಾಯ್ರೆ?" ಅದರ ಬಾಲಕ್ಕೆ ತುಳುವಿನಲ್ಲಿ "ದಾಯೆ ಅಂಬೆರ್ಪು" ಎಂದು ಸೇರಿಸುವರು, ಎಂತಕ್ಕೆ ಅವಸರ ಎಂದು.

ಇನ್ನೊಂದು ಸಂಗತಿ ನಿಂಬೆಹಣ್ಣಿನದ್ದು. ನಮ್ಮಲ್ಲಿ ಹೊಸ ಗಾಡಿ ಹೊರಡಿಸುವಾಗ ಟಯರಿನ ಅಡಿಗೆ ನಿಂಬೆ ಇಡುತ್ತಾರಲ್ಲ, ಅಣ್ಣ ಎದುರಿಗಿದ್ದರೆ ಬಗ್ಗಿ ಅದನ್ನು ತೆಗೆದು ಕಿಸೆಗೆ ಹಾಕಿಕೊಳ್ಳುತ್ತಿದ್ದರು. ನಿಂಬೆ ಇರುವುದು ಮೂಗಿಗೆ, ಟಯರಿಗಲ್ಲ ಎನ್ನುವರು. ಎಷ್ಟು ಜನರಿಗೆ ಬೇಜಾರಾಗಿದೆಯೋ. ಅವರ ಕಿಸೆಯಲ್ಲಿ ಸದಾ ಒಂದು ನಿಂಬೆ ಇರುತ್ತಿತ್ತು, ಉಗುರಿನಲ್ಲಿ ಸಿಪ್ಪೆ ಗೀರಿ ಕಾರಿನಲ್ಲಿ ಹೆಂಡತಿಯ ಕೈಗೆ ಕೊಡುವುದಕ್ಕೆ.

ನಿಜವಾದ ಕಾರಣ ಎಂದೆನಲ್ಲ, ಅದು ಅತ್ತಿಗೆ. ಅತ್ತಿಗೆಗೆ ವಾಹನ ಆಗುವುದಿಲ್ಲ. ಬಸ್ಸಾಗಲಿ ಕಾರಾಗಲಿ, ಹೊರಟು ಸ್ವಲ್ಪ ಹೊತ್ತಿಗೆ ಬೆವರು, ಬಿಳುಚು ಮುಖ, ಆಮೇಲೆ ವಾಂತಿ. ಅವರದ್ದು ಕಾರ್ಕಳದ ಕಡೆ. ಮದುವೆಯ ದಿನ ಹೆಣ್ಣಿನ ದಿಬ್ಬಣದ ಬಸ್ಸು ಮಂಗಳೂರಿಗೆ ಹೊರಟದ್ದು, ಮೂಡುಬಿದಿರೆಯಲ್ಲಿ ನಿಂತಿತು, ಕೈಕಂಬದಲ್ಲಿ ನಿಂತಿತು, ಮತ್ತೆಲ್ಲೆಲ್ಲೋ ನಿಂತಿತು. ಇಲ್ಲಿ ಹಾಲ್‌ನಲ್ಲಿ ವಾದ್ಯದವರು ಊದಿ ಊದಿ ಸುಸ್ತಾಗಿ ಕೂತಿದ್ದರಂತೆ. ಮದುಮಗಳು ನಡೆದುಕೊಂಡು ಬರುತ್ತಿದ್ದಾಳಾ ಎಂದು ಗಂಡಿನ ಕಡೆಯ ಹಿರಿಯರೊಬ್ಬರು ಕುಶಾಲು ಮಾಡಿದರು. ಮುಹೂರ್ತ ಹೇಗೋ ಸಿಕ್ಕಿತು, ಆದರೆ ಅತ್ತಿಗೆಗೆ ಮನೆಯಲ್ಲಿ 'ಅರ್ಧದಲ್ಲಿ ಇಳಿಯುವವಳು' ಎಂದು ಹೆಸರೇ ಬಿತ್ತು. ಯಾವ ಮದುವೆ, ಯಾವ ಭೂತದ ನೇಮ ಎಂದರೂ ಎಲ್ಲರೂ ಗಾಡಿ ಹತ್ತಿ ಹೋಗುವುದು, ಅತ್ತಿಗೆ ಮನೆ ಕಾಯುವುದು.

ಕುಶಾಲಿನಲ್ಲೇ ಮುಗಿದಿದ್ದರೆ ಒಳ್ಳೆಯದಿತ್ತು. ಅಣ್ಣ ಗಲ್ಫಿನಲ್ಲಿದ್ದಾಗ ಒಂದು ದಿನ ಕಾರ್ಕಳದಿಂದ ಫೋನ್ ಬಂತು, ತಾಯಿಗೆ ಸೌಖ್ಯವಿಲ್ಲ, ಜೋರಾಗಿದೆ, ಬೇಗ ಬಾ ಎಂದು. ಅತ್ತಿಗೆ ಟ್ಯಾಕ್ಸಿ ಮಾಡಿ ಹೊರಟರು. ಡ್ರೈವರ್ ಪಾಪ ಇವರ ಅವಸರ ಕಂಡು ಜೋರು ಬಿಟ್ಟ. ಕೈಕಂಬ ಮುಟ್ಟುವಾಗ ಇವರು ತಲೆ ಎತ್ತುವ ಸ್ಥಿತಿಯಲ್ಲಿರಲಿಲ್ಲ. ಯಾರದೋ ಅಂಗಡಿಯ ಜಗಲಿಯಲ್ಲಿ ಮಲಗಿ, ಸ್ವಲ್ಪ ಸುಧಾರಿಸಿಕೊಂಡು, ಮತ್ತೆ ಹತ್ತಿ, ಮತ್ತೆ ಇಳಿದು, ಮನೆ ಮುಟ್ಟುವಾಗ ತಾಯಿ ಹೋಗಿಯಾಗಿತ್ತು. ನಿನ್ನ ಹೆಸರು ಕರೆಯುತ್ತಿದ್ದರು ಎಂದು ಯಾರೋ ಹೇಳಿದರಂತೆ. ಇದನ್ನು ಅತ್ತಿಗೆ ನನಗೆ ಹೇಳುವಾಗಲೂ ಕಣ್ಣೀರು ಹಾಕಲಿಲ್ಲ. ಗೋಡೆ ನೋಡಿಕೊಂಡು ಹೇಳಿದರು, ನನಗೇ ತಡೆಯಲಿಕ್ಕಾಗಲಿಲ್ಲ.

ಅಣ್ಣ ಊರಿಗೆ ಬಂದು ಈ ಕೆಲಸಕ್ಕೆ ಸೇರಿದ ಮೇಲೆ, ಹೋದವರೆಲ್ಲ ಸಿಲೋನಿನ ಫೋಟೊ ಕಳುಹಿಸುವರು. ಅಣ್ಣ ಅದನ್ನು ಮನೆಯಲ್ಲಿ ತೋರಿಸುವರು. ಒಂದು ರಾತ್ರಿ ಊಟಕ್ಕೆ ಬಡಿಸುತ್ತಾ ಅತ್ತಿಗೆ, "ಊರಿನವರಿಗೆಲ್ಲ ಸಿಲೋನ್ ಸುತ್ತಿಸ್ತೀರಿ. ನನ್ನನ್ನು ಉಳ್ಳಾಲ ದಾಟಿಸಿದ್ದೀರಾ?" ಎಂದು ಕೇಳಿದರು. ಮರುದಿನ ಅಣ್ಣ ಆಫೀಸಿಗೆ ಬಂದವರು ಬನ್ಸ್ ಕೂಡ ಮುಟ್ಟಲಿಲ್ಲ. ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ನಿಂತು, ಅವಳನ್ನು ಸಿಲೋನಿಗೆ ಕರೆದುಕೊಂಡು ಹೋಗಬೇಕು, ರಸ್ತೆಯಲ್ಲೇ, ಎಲ್ಲಿಯೂ ಅರ್ಧದಲ್ಲಿ ಇಳಿಯದೆ ಒಂದು ಸುತ್ತು ಬರಬೇಕು ಎಂದರು. ಅಲ್ಲಿ ಚಂದದ ರೈಲು ಉಂಟಲ್ಲ, ರೈಲಿನಲ್ಲಿ ಅತ್ತಿಗೆಗೆ ಏನೂ ಆಗುವುದಿಲ್ಲವಲ್ಲ ಎಂದೆ ನಾನು. ನನ್ನನ್ನು ದಡ್ಡಿಯ ಹಾಗೆ ನೋಡಿದರು. ರೈಲಿನಲ್ಲಿ ಹೋದರೆ ಆ ಹೆಸರು ಹೋಗುತ್ತದಾ ಎಂದು ಕೇಳಿದರು.

ಅಲ್ಲಿಂದ ಸುರುವಾಯಿತು ನೋಡಿ ಭಾನುವಾರದ ತಾಲೀಮು. ಗಿರಾಕಿಗಳ ಉಳ್ಳಾಲ ಸವಾರಿ ಹುಟ್ಟಿದ್ದೂ ಇದರಿಂದಲೇ. ಮೊದಲು ನಂತೂರಿನ ತನಕ ಹೋಗಿ ವಾಪಸು. ಅದು ಸರಿಯಾದ ಮೇಲೆ ಪಂಪ್‌ವೆಲ್. ಆಗ ಪಂಪ್‌ವೆಲ್ಲಿನ ಫ್ಲೈಓವರ್ ಇನ್ನೂ ಕಟ್ಟಿ ಆಗಿರಲಿಲ್ಲ. ಊರಿಡೀ ಅದಕ್ಕೆ ಬಯ್ಯುತ್ತಿದ್ದರೆ ಅಣ್ಣ ಒಬ್ಬರಿಗೆ ಮಾತ್ರ ಖುಷಿ, ಇಲ್ಲಿ ಯಾವನಿಗೂ ಜೋರು ಹೋಗಲಿಕ್ಕಾಗುವುದಿಲ್ಲ, ನಮಗೆ ಹೇಳಿ ಮಾಡಿಸಿದ ಜಾಗ ಎಂದು. ಬ್ಲಾಕಿನಲ್ಲಿ ಸಿಕ್ಕಿಕೊಂಡು ಇಬ್ಬರೂ ಕಡಲೆ ತಿನ್ನುತ್ತಾ ಕೂತದ್ದನ್ನು ನಾನೇ ಬಸ್ಸಿನ ಕಿಟಕಿಯಿಂದ ಕಂಡಿದ್ದೇನೆ. ಅತ್ತಿಗೆಯ ಮುಖ ಬಿಳುಚಿದ ಕೂಡಲೇ ಗಾಡಿ ಬದಿಗೆ. ಇಳಿದು ನಿಂಬೆ ಮೂಸಿ ಗಾಳಿ ತೆಗೆದುಕೊಂಡು ಮತ್ತೆ ಮುಂದೆ. ಅಣ್ಣ ಬಯ್ಯುತ್ತಿರಲಿಲ್ಲ, ಅವಸರ ಮಾಡುತ್ತಿರಲಿಲ್ಲ, ಆದರೆ ಒಂದು ಮಾತು ಬಿಡುತ್ತಿರಲಿಲ್ಲ, "ಮನಸ್ಸು ಗಟ್ಟಿ ಮಾಡು, ಎಲ್ಲ ಸರಿಯಾಗ್ತದೆ." ಅತ್ತಿಗೆಗೆ ವಾಂತಿಗಿಂತ ಆ ಮಾತು ಕೇಳಿ ಹೆಚ್ಚು ಸಂಕಟವಂತೆ. ಆದರೂ ಬಾಯಿ ಬಿಡಲಿಲ್ಲ, ಒಳ್ಳೆಯದಕ್ಕೇ ಹೇಳುತ್ತಾರಲ್ಲ ಎಂದು. ಹೀಗೆ ಸಂಕ ದಾಟಿದರು, ಕಲ್ಲಾಪು ದಾಟಿದರು, ಕಡೆಗೆ ಒಂದು ಭಾನುವಾರ ಎಲ್ಲಿಯೂ ನಿಲ್ಲಿಸದೆ ಉಳ್ಳಾಲದ ಸಮುದ್ರ ಮುಟ್ಟಿದರು. ಸೋಮವಾರ ಅಣ್ಣ ಇಡೀ ಆಫೀಸಿಗೆ ಐಸ್‌ಕ್ರೀಮ್ ತರಿಸಿದರು. ಎಂತ ವಿಶೇಷ ಎಂದು ಧಣಿಗಳು ಕೇಳಿದರೆ ಹೇಳಲಿಲ್ಲ.

ಆಮೇಲೆ ಹೊರಟದ್ದು ಅವರದ್ದೇ ಸಿಲೋನ್ ಪ್ಲಾನು. ಅಷ್ಟು ನಿಧಾನದ ಪ್ಲಾನನ್ನು ಅವರು ಬೇರೆ ಯಾರಿಗೂ ಮಾಡಿಕೊಟ್ಟವರಲ್ಲ. ಕೊಲಂಬೊದಿಂದ ಕ್ಯಾಂಡಿ, ಅಲ್ಲಿಂದ ಚಹಾ ಗುಡ್ಡಗಳ ನುವಾರ ಎಲಿಯಾ, ಗುಡ್ಡ ಇಳಿದು ತೆಂಕಣ ಸಮುದ್ರದ ಬದಿ, ಬದಿಯಲ್ಲೇ ಗಾಲ್ ಊರಿಗೆ ಬಂದು ಮತ್ತೆ ಕೊಲಂಬೊ. ನಡುನಡುವೆ ಸುಮ್ಮನೆ ದಿನಗಳು. ಯಾವ ದಿನದ ದಾರಿಯೂ ಕೊಟ್ಟಾರದಿಂದ ಉಳ್ಳಾಲಕ್ಕೆ ಹೋಗಿ ಬರುವ ಹೊತ್ತಿಗಿಂತ ಬಹಳ ಹೆಚ್ಚಾಗಬಾರದು ಎಂದು ತುಂಡು ತುಂಡು ಮಾಡಿದ್ದರು. ತಾನು ಡ್ರೈವ್ ಮಾಡುವುದಿಲ್ಲ, ಅಲ್ಲಿಯ ಡ್ರೈವರನ್ನೇ ಇಡುವುದು ಎಂದೂ ನಿಶ್ಚಯಿಸಿದರು. ಅವಳನ್ನು ನೋಡಿಕೊಳ್ಳುವುದಕ್ಕೆ ಒಬ್ಬ ಬೇಕಲ್ಲ ಎಂಬುದು ಅವರ ವಾದ. ಮುಂದಿನ ಸೀಟು ಯಾರಿಗೆ? ಕಾನೂನು ಉಂಟಲ್ಲ, ಅತ್ತಿಗೆಗೆ. ಹಾಗಾಗಿ ಜೀವಮಾನದಲ್ಲಿ ಮೊದಲ ಸಲ ಅಣ್ಣ ಕಾರಿನ ಹಿಂದಿನ ಸೀಟಿನಲ್ಲಿ ಕೂತರು.

ಎಲ್ಲವನ್ನೂ ಲೆಕ್ಕ ಹಾಕಿದ ಮನುಷ್ಯ ತನ್ನನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಊರಿನವರನ್ನೆಲ್ಲ ಉಳ್ಳಾಲಕ್ಕೆ ಕೊಂಡುಹೋಗಿ ಪರೀಕ್ಷೆ ಮಾಡಿದವರಿಗೆ ತಾನೂ ಒಮ್ಮೆ ಹಿಂದೆ ಕೂತು ನೋಡಬೇಕು ಎಂದು ಹೊಳೆಯಲೇ ಇಲ್ಲ.

ಕ್ಯಾಂಡಿಯ ತನಕ ಇಬ್ಬರೂ ಚೆನ್ನಾಗಿದ್ದರಂತೆ. ಅಲ್ಲಿಂದ ಗುಡ್ಡ ಹತ್ತುವ ದಾರಿ, ತಿರುವಿನ ಮೇಲೆ ತಿರುವು. ಅತ್ತಿಗೆ ನಿಂಬೆ ಹಿಡಿದು ದೂರದ ಗುಡ್ಡದ ಮೇಲೆ ಕಣ್ಣಿಟ್ಟು ಕೂತಿದ್ದರು. ಹಿಂದಿನಿಂದ ಅಣ್ಣ ಫೋನಿನಲ್ಲಿ ದಾರಿ ನೋಡುತ್ತಾ, ಇನ್ನು ಜಲಪಾತ ಬರುತ್ತದೆ, ಅಲ್ಲಿ ನಿಲ್ಲುವ ಎಂದು ವಿವರಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಮಾತು ನಿಂತಿತು. ಅಣ್ಣನ ಮಾತು ನಿಲ್ಲುವುದು ಎಂದರೆ ಸಾಧಾರಣ ವಿಷಯವಲ್ಲ, ಅತ್ತಿಗೆ ತಿರುಗಿ ನೋಡಿದರು. ಮುಖ ಬಿಳುಚಿ, ಬೋಳು ಮಂಡೆಯಲ್ಲಿ ಬೆವರು. ಗಾಡಿ ನಿಲ್ಲುವುದಕ್ಕೂ ಇವರು ಬಾಗಿಲು ತೆಗೆದು ಓಡುವುದಕ್ಕೂ ಸರಿಹೋಯಿತು. ಚಹಾ ಗಿಡಗಳ ಬದಿಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಬೆಳಗ್ಗೆ ತಿಂದದ್ದೆಲ್ಲ ಹೊರಗೆ ಹಾಕಿದರು. ಅತ್ತಿಗೆ ಹಣೆ ಹಿಡಿದು, ಬೆನ್ನು ನೀವಿ, ನಿಂಬೆಯನ್ನು ಮೂಗಿಗೆ ಹಿಡಿದು, ಇಷ್ಟು ವರ್ಷದ ಬಾಕಿ ತೀರಿಸಿದರು.

"ಮನಸ್ಸು ಗಟ್ಟಿ ಮಾಡಿ, ಎಲ್ಲ ಸರಿಯಾಗ್ತದೆ."

ಊರಿಗೆ ಬಂದು ಇದನ್ನು ನನಗೆ ಹೇಳುವಾಗ ಅತ್ತಿಗೆಗೆ ನಗು ತಡೆಯುತ್ತಿರಲಿಲ್ಲ, ನನಗೂ. ಆದರೆ ಅಣ್ಣ ನಗಲಿಲ್ಲವಂತೆ. ಅಲ್ಲೇ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಹೆಂಡತಿಯ ಮುಖವನ್ನೇ ನೋಡಿದರಂತೆ. ಆಮೇಲೆ ಕೇಳಿದರಂತೆ, "ಇಷ್ಟು ವರ್ಷ ನಿನಗೆ ಹೀಗೆಯಾ ಆಗ್ತಾ ಇದ್ದದ್ದು?"

ಹೌದು ಎಂದರು ಅತ್ತಿಗೆ.

"ನಾನು ಮನಸ್ಸಿನದ್ದು ಅಂತ ಗ್ರಹಿಸಿದ್ದೆ."

ಅಷ್ಟೇ. ಅಣ್ಣ ಯಾರ ಹತ್ತಿರವೂ ತಪ್ಪಾಯಿತು ಎಂದವರಲ್ಲ, ಧಣಿಗಳ ಹತ್ತಿರವಂತೂ ಇಲ್ಲವೇ ಇಲ್ಲ. ಅವರ ಬಾಯಿಂದ ಕ್ಷಮೆಯ ಹತ್ತಿರ ಹತ್ತಿರ ಬಂದದ್ದು ಎಂದರೆ ಆ ಒಂದು ಮಾತು. ನುವಾರ ಎಲಿಯಾಕ್ಕೆ ಹೇಗೋ ಮುಟ್ಟಿದರು. ಅಲ್ಲಿಂದ ಮುಂದಿನ ಇಳಿಜಾರು ಅಣ್ಣನಿಂದ ಸಾಧ್ಯವಾಗಲಿಲ್ಲ. ಮುಂದಿನ ಸೀಟು ಬಿಟ್ಟುಕೊಡ್ತೇನೆ ಎಂದರು ಅತ್ತಿಗೆ, ಅಣ್ಣ ಒಪ್ಪಲಿಲ್ಲ, ಹಠ ನೋಡಿ. ಇದ್ದ ದಿನಗಳನ್ನೆಲ್ಲ ಅಲ್ಲೇ ಸುಮ್ಮನೆ ದಿನ ಮಾಡಿ ರೈಲು ಹತ್ತಿ ಕೊಲಂಬೊಕ್ಕೆ ವಾಪಸು ಬಂದರು. ತೆಂಕಣ ಸಮುದ್ರ ಹಾಗೆಯೇ ಉಳಿಯಿತು. ಊರಿಗೆ ಬಂದು ಅತ್ತಿಗೆ ಕೊಟ್ಟಾರದಲ್ಲೆಲ್ಲ ಹೇಳಿಕೊಂಡು ಬಂದರು, ಈ ಸಲ ಅರ್ಧದಲ್ಲಿ ಇಳಿದದ್ದು ನಾನಲ್ಲ ಎಂದು. ಅವರ ಮುಖದಲ್ಲಿ ಅಂಥ ಗಮ್ಮತ್ತು ನಾನು ಮೊದಲು ಕಂಡಿರಲಿಲ್ಲ.

ಒಂದು ವಾರ ಕಳೆದು ಒಂದು ಬೆಳಿಗ್ಗೆ ಅಣ್ಣ ನನ್ನ ಹತ್ತಿರ ಬಂದು, ಸ್ಟೇರಿಂಗ್ ಹಿಡಿದವನಿಗೆ ಯಾಕೆ ಏನೂ ಆಗುವುದಿಲ್ಲ ಎಂದು ಕೇಳಿದರು. ನನಗೇನು ಗೊತ್ತು. ತಿರುವು ಬರುತ್ತದೆ ಎಂದು ಅವನಿಗೆ ಮೊದಲೇ ಗೊತ್ತಿರುತ್ತದೆ, ತಿರುಗಿಸುವವನೂ ಅವನೇ, ಹೊಟ್ಟೆ ಅವನ ಮಾತು ಕೇಳುತ್ತದೆ ಎಂದು ಅವರೇ ಉತ್ತರ ಹೇಳಿದರು. ಇಷ್ಟು ವರ್ಷ ನಾನು ಗಾಡಿಯನ್ನು ನಿಧಾನ ಮಾಡಿದೆ, ಕೀಯನ್ನು ಅವಳ ಕೈಗೆ ಕೊಡಬೇಕು ಎಂದು ತೋರಲಿಲ್ಲ ಎಂದರು. ಈಗ ಯೋಚಿಸಿದರೆ, ನಾನು ಅಣ್ಣನನ್ನು ಮೆಚ್ಚಿಕೊಂಡದ್ದು ಅವರ ನಿಧಾನಕ್ಕಲ್ಲ, ಈ ಮಾತಿಗೆ. ಆ ಪ್ರಾಯದಲ್ಲಿ ಎಷ್ಟು ಜನ ಗಂಡಸರು ತಮ್ಮ ಇಡೀ ಜಾಣತನವನ್ನು ಹೀಗೆ ಬದಿಗಿಟ್ಟಾರು?

ಅತ್ತಿಗೆ ಮೊದಲು ಒಪ್ಪಲಿಲ್ಲ. ಮೊಮ್ಮಕ್ಕಳನ್ನು ಆಡಿಸುವ ಪ್ರಾಯದಲ್ಲಿ ಎಂತ ಡ್ರೈವಿಂಗ್, ನಾಲ್ಕು ಜನ ನೋಡಿದರೆ ನಗುತ್ತಾರೆ ಎಂದರು. ನಗಲಿ, ನಾನು ವಾಂತಿ ಮಾಡಿದ್ದಕ್ಕೆ ನೀನು ಇಡೀ ಕೊಟ್ಟಾರವನ್ನು ನಗಿಸಿಲ್ವಾ ಎಂದರು ಅಣ್ಣ. ಆಫೀಸಿನ ಹಿಂದಿನ ಖಾಲಿ ಜಾಗದಲ್ಲಿ ಪಾಠ ಸುರುವಾಯಿತು. ನಾವೆಲ್ಲ ಕಿಟಕಿಯಲ್ಲಿ. ಅಣ್ಣನ ಬಾಯಿ ನಿಲ್ಲುವುದಿಲ್ಲ, ಕ್ಲಚ್ಚು, ಬ್ರೇಕು, ಕನ್ನಡಿ. ಮೂರನೆಯ ದಿನವೋ ಏನೋ ಅತ್ತಿಗೆ ಗಾಡಿ ನಿಲ್ಲಿಸಿ, ನೀವು ಬಾಯಿ ಮುಚ್ಚಿ ಕೂತರೆ ನಾನು ಕಲಿತೇನೆ ಎಂದರಂತೆ. ಅಂದಿನಿಂದ ಅಣ್ಣ ಎಡಬದಿಯ ಸೀಟಿನಲ್ಲಿ ನಿಂಬೆ ಹಿಡಿದು ಮೌನವ್ರತ. ಲೈಸೆನ್ಸಿನ ಟೆಸ್ಟ್ ಮೊದಲ ಸಲ ಆಗಲಿಲ್ಲ, ಎರಡನೆಯ ಸಲ ಆಯಿತು. ಪಂಪ್‌ವೆಲ್ ಫ್ಲೈಓವರ್ ಆಗಿಯಾಗಿತ್ತು, ಅದರ ಮೇಲೆ ಅತ್ತಿಗೆ ಗಾಡಿ ಹತ್ತಿಸಿದರು. ವಾಂತಿ ಇಲ್ಲ, ಬೆವರಿಲ್ಲ. ಕಾರ್ಕಳಕ್ಕೆ ಹೋದರು, ತಾಯಿ ತೀರಿದ ಮನೆಯ ಅಂಗಳದ ತನಕ, ನಡುವೆ ಎಲ್ಲಿಯೂ ನಿಲ್ಲಿಸದೆ. ಆ ದಿನ ಏನಾಯಿತು ಎಂದು ಇಬ್ಬರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬರುವಾಗ ಅಲ್ಲಿಂದ ನನಗೆ ಒಂದು ಹಲಸಿನಹಣ್ಣು ತಂದಿದ್ದರು.

ಇನ್ನು ಉಳಿದದ್ದು ತೆಂಕಣ ಸಮುದ್ರ. ಅಣ್ಣ ಮತ್ತೆ ಪ್ಲಾನಿಗೆ ಕೂತರು. ಈ ಸಲ ಡ್ರೈವರ್ ಅತ್ತಿಗೆ. ಅಲ್ಲಿ ಓಡಿಸುವುದಕ್ಕೆ ಬೇಕಾದ ಪರವಾನಗಿಯನ್ನೆಲ್ಲ ವಿಚಾರಿಸಿ ಇಟ್ಟರು. ನೀವು ಎಂತ ಮಾಡ್ತೀರಿ ಅಣ್ಣ ಎಂದರೆ, ನಾನು ಕೂರ್ತೇನೆ ಎಂದರು. ಮಳೆ ಬಿಟ್ಟ ಮೇಲೆ ಹೊರಡುವುದು ಎಂದಾಗಿತ್ತು.

ಒಂದು ಬೆಳಿಗ್ಗೆ ಕಾಫಿ ಕುಡಿದು ಗ್ಲಾಸ್ ಕೆಳಗಿಡುವಾಗ ಎದೆ ಹಿಡಿದ ಹಾಗೆ ಆಗುತ್ತದೆ ಎಂದರಂತೆ. ಆಂಬುಲೆನ್ಸಿಗೆ ಕಾಯಲಿಲ್ಲ ಅತ್ತಿಗೆ. ಎಡಬದಿಯಲ್ಲಿ ಅವರನ್ನು ಕೂರಿಸಿ ತಾವೇ ಆಸ್ಪತ್ರೆಗೆ ಹೊರಟರು. ನಂತೂರಿನ ಹತ್ತಿರ ಅಣ್ಣ ಅವರ ಕೈ ಮುಟ್ಟಿ, "ಸ್ವಲ್ಪ ಬೇಗ ಹೋಗ್ಲಿಕ್ಕೆ ಆಗ್ತದಾ ನೋಡು" ಎಂದರಂತೆ. ಜನ್ಮದಲ್ಲಿ ಯಾರಿಗೂ ಬೇಗ ಎಂದು ಹೇಳದವರು. ಅತ್ತಿಗೆ ಬೇಗ ಹೋದರು. ಹಾರನ್ ಹೊಡೆದು, ಬಸ್ಸುಗಳ ಎಡೆಯಲ್ಲಿ ನುಗ್ಗಿ, ಆಸ್ಪತ್ರೆಯ ಬಾಗಿಲಿಗೇ ಮುಟ್ಟಿಸಿದರು. ಡಾಕ್ಟರು ಕೈಲಾದದ್ದೆಲ್ಲ ಮಾಡಿದರು. ಸಂಜೆಯ ತನಕ ಅಣ್ಣ ಇದ್ದರು, ಅತ್ತಿಗೆಯ ಕೈ ಹಿಡಿದುಕೊಂಡು, ಮಾತಾಡಿಕೊಂಡು. ಆಮೇಲೆ ಹೋದರು.

ಉತ್ತರಕ್ರಿಯೆ ಕಳೆದು ಸ್ವಲ್ಪ ದಿನಕ್ಕೆ ಅತ್ತಿಗೆ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಅಣ್ಣನ ಖಾಲಿ ಕುರ್ಚಿಯ ಕಡೆ ನೋಡಲಿಲ್ಲ. ನೇರ ನನ್ನ ಮೇಜಿಗೆ ಬಂದು, "ಸಿಲೋನಿನ ಆ ಅರ್ಧ ಹಾಗೇ ಉಂಟು. ನೀವು ಬರ್ತೀರಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಕೈಯಲ್ಲಿದ್ದ ಕೀ ಎತ್ತಿ ತೋರಿಸಿ, ಈಗ ಉತ್ತರ ಬೇಡ, ಮೊದಲು ಉಳ್ಳಾಲಕ್ಕೆ ಹೋಗಿ ಬರುವ ಎಂದರು. ಧಣಿಗಳು ಒಳಗಿನಿಂದ ನೋಡುತ್ತಿದ್ದರು. ಪೆಟ್ರೋಲಿನ ವಿಷಯ ಎತ್ತಿಯಾರು ಎಂದುಕೊಂಡೆ. ಹೋಗಿ ಬನ್ನಿ, ಎಂತ ಅವಸರ ಎಂದರು ಅವರು, ಕಣ್ಣು ಒರೆಸಿಕೊಂಡು.

ಎಡಬದಿಯ ಸೀಟು ಹಿಂದಕ್ಕೆ ಸರಿದೇ ಇತ್ತು, ಅಣ್ಣನ ಉದ್ದ ಕಾಲಿಗೆ ಬೇಕಾದ ಹಾಗೆ. ನಾನು ಕುಳ್ಳಿ, ಕಾಲು ಸರಿಯಾಗಿ ಊರುವುದಿಲ್ಲ. ಮುಂದಕ್ಕೆ ಎಳೆಯಲು ಅಡಿಗೆ ಕೈ ಹಾಕಿದೆ. "ಅದು ಇರಲಿ" ಎಂದರು ಅತ್ತಿಗೆ. ಕೈ ತೆಗೆದೆ. ಹಾಗೆಯೇ ಜಾರುತ್ತಾ ನಂತೂರು ದಾಟಿದೆವು,  ಪಂಪ್‌ವೆಲ್ ದಾಟಿದೆವು. ಸಂಕದ ಮೇಲೆ ಬರುವಾಗ ಅತ್ತಿಗೆ ರಸ್ತೆಯಿಂದ ಕಣ್ಣು ತೆಗೆಯದೆ, "ಅಮ್ಮನಲ್ಲಿಗೆ ಮುಟ್ಟಲಿಕ್ಕೆ ಆಗಲಿಲ್ಲ. ಇವರನ್ನು ಮುಟ್ಟಿಸಿದೆ" ಎಂದರು. ಹೌದು ಅತ್ತಿಗೆ ಎಂದೆ. ತೊಕ್ಕೊಟ್ಟಿನಲ್ಲಿ ಬಲಕ್ಕೆ ತಿರುಗಿಸಿದರು.

ಉಳ್ಳಾಲದಲ್ಲಿ ಸಮುದ್ರಕ್ಕೆ ಮುಖ ಮಾಡಿ ಗಾಡಿ ನಿಲ್ಲಿಸಿದರು. ಚಾ ತರಿಸಿದರು. ಅಣ್ಣ ಗಿರಾಕಿಗಳನ್ನು ನೋಡುತ್ತಿದ್ದ ಹಾಗೆಯೇ ನನ್ನ ಮುಖ, ಕೈ, ಕಾಲು ಎಲ್ಲ ನೋಡಿದರು. ಹೊಟ್ಟೆ ತೊಳೆಸುತ್ತದಾ ಎಂದು ಕೇಳಿದರು, ಇಲ್ಲ ಎಂದೆ. ಖಾಲಿ ಗ್ಲಾಸ್ ವಾಪಸು ಕೊಟ್ಟು, ಬಂದು ಕೂತು, ಕೀ ತಿರುಗಿಸುವ ಮೊದಲು ಮತ್ತೊಮ್ಮೆ ನನ್ನ ಕಾಲಿನ ಕಡೆ ನೋಡಿದರು.

"ಸೀಟು ಮುಂದೆ ಮಾಡಿಕೊಳ್ಳಿ" ಎಂದರು. "ಸಿಲೋನಿನ ತನಕ ಹಾಗೆ ಕಾಲು ನೇತಾಡಿಸಿಕೊಂಡು ಕೂರ್ಲಿಕ್ಕೆ ಆಗುವುದಿಲ್ಲ."

ನಾನು ಅಡಿಗೆ ಕೈ ಹಾಕಿ ಎಳೆದೆ. ಸೀಟು ನಿಧಾನಕ್ಕೆ ಮುಂದೆ ಬಂತು.